ಕುರಿ ಮೈ ಒದರುವ ತನಕ

ಆ ಬೆಳಿಗ್ಗೆ ರಂಗರಾಜುವಿಗೆ ತನ್ನ ಗಂಟಲೊಂದನ್ನು ಬಿಟ್ಟು ಬೇರೆ ಯಾವುದರ ಮೇಲೂ ನಂಬಿಕೆ ಇರಲಿಲ್ಲ. ಬಚ್ಚಲಿನಲ್ಲಿ ನಿಂತು ಉಪ್ಪುನೀರು ಮುಕ್ಕಳಿಸಿ, ಕಾಳುಮೆಣಸು ಅಗಿದು, ಒಂದೇ ಉಸಿರಿನಲ್ಲಿ ‘ಆ’ ಎಂದು ಎಳೆದು ನೋಡಿದ. ಬೇಲಿಯಾಚೆಯ ಎಮ್ಮೆ ತಲೆಯೆತ್ತಿತು. ಗಂಟಲು ಸರಿಯಾಗಿತ್ತು. ಹೇಳಬೇಕಾದ ಮಾತೂ ಸರಿಯಾಗಿಯೇ ಇತ್ತು. ಯುಗಾದಿಯ ಮಾರನೇ ದಿನ ಅದೇ ಗಂಟಲಿನಲ್ಲಿ ಹೇಳಿದ್ದಕ್ಕೆ ಅದು ತದ್ವಿರುದ್ಧವಾಗಿತ್ತು, ಅಷ್ಟೆ. ಅವತ್ತು ಶಾಲೆಯ ಮುಂದಿನ ಅರಳಿಕಟ್ಟೆಯ ಮೇಲೆ ನಿಂತು ಕೊರೊನಾ ಸೂಜಿ ಬೇಡವೆಂದು ವಾದಿಸಿ ಊರೆದುರು ಗೆದ್ದಿದ್ದ. ಇವತ್ತು ಅದೇ ಕಟ್ಟೆಯ ಮೇಲೆ ನಿಂತು ಬೇಕೆಂದು ವಾದಿಸಬೇಕಾಗಿತ್ತು. ನಡುವೆ ಎದುರುಬೀದಿಯ ಗಂಗಯ್ಯ ಕೊರೊನಾದಲ್ಲಿ ಸತ್ತಿದ್ದ, ಅಕ್ಕ ರಂಗಕ್ಕನ ಉಬ್ಬಸ ಹೆಚ್ಚಾಗಿತ್ತು, ಮಧುಗಿರಿಯ ಪಕ್ಷದ ಮುಖಂಡರು ಮಾತು ಬದಲಿಸಿದ್ದರು. ಇವುಗಳಲ್ಲಿ ಯಾವುದರಿಂದ ಮನಸ್ಸು ಬದಲಾಯಿತೆಂದು ಯಾರಾದರೂ ಕೇಳಿದರೆ ಯಾವುದನ್ನು ಮೊದಲು ಹೇಳುವುದು ಶೋಭೆ ಎಂದು ಬಾಯೊರೆಸಿಕೊಳ್ಳುತ್ತ ಯೋಚಿಸಿದ. ಅಕ್ಕನ ಉಬ್ಬಸ ಮೊದಲು ಬಂದರೆ ಚೆನ್ನ. ನಿಜದಲ್ಲಿ ಮೊದಲು ಬಂದದ್ದು ಮುಖಂಡರ ಫೋನು.

“ಇನ್ಮೇಲೆ ಬ್ಯಾಡ ಅನ್ನಂಗಿಲ್ಲ ರಂಗರಾಜು. ಸೂಜಿ ಎಲ್ಲಿ, ಯಾಕೆ ಸಾಲ್ತಿಲ್ಲ ಅಂತ ಕೇಳ್ಬೇಕು,” ಎಂದಿದ್ದರು ಅವರು. “ಅವತ್ತು ಪ್ರಶ್ನೆ ಎತ್ತು ಅಂದೋರು ನೀವೇ ಅಲ್ವಾ ಸಾರ್?” ಎಂದರೆ, “ಅವತ್ತಿನ ಪ್ರಶ್ನೆ ಅವತ್ತಿಗೆ ಕಣಯ್ಯ,” ಎಂದು ಇಟ್ಟುಬಿಟ್ಟರು. ಅದಾದ ಮೇಲೆ ಆಸ್ಪತ್ರೆಯ ಅನಸೂಯ ಸಿಸ್ಟರ್ ಫೋನು. ಪಾವಗಡದ ಕಡೆಯವಳು, ಸಿಟ್ಟು ಬಂದರೆ ತೆಲುಗು ಮೊದಲು ಬರುತ್ತಿತ್ತು. “ಏಮಂಡಿ ಸಾರ್, ನೀವು ಕೆಡಿಸಿದ ಊರು, ನೀವೇ ರಿಪೇರಿ ಮಾಡ್ರಿ. ನಾನು ಎಷ್ಟು ಸಲ ಬಂದು ಪೆಟ್ಟಿಗೆ ಹೊತ್ಕೊಂಡು ವಾಪಸ್ ಹೋಗ್ಲಿ?” ಕೆಡಿಸಿದ ಊರು! ರಂಗರಾಜುವಿಗೆ ನಾಚಿಕೆಯಾಗಬೇಕಿತ್ತು. ಆಯಿತು ಕೂಡ, ಆದರೆ ಅದರ ತಳದಲ್ಲಿ ಯಾರೋ ಹಾರ್ಮೋನಿಯಂ ತಿದಿ ಒತ್ತಿದ ಹಾಗೆ ಒಂದು ಉಬ್ಬು ಎದ್ದಿತು. ಒಂದು ಇಡೀ ಊರನ್ನು ಮಾತಿನಲ್ಲಿ ಕೆಡಿಸಿದ ಮನುಷ್ಯ ತಾನು. ದೊಡ್ಡೇರಿಯಲ್ಲಿ ಅವನದು ಬಿತ್ತನೆ ಬೀಜ, ಕ್ರಿಮಿನಾಶಕ ಮಾರುವ ಅಂಗಡಿ. ದಿನವೆಲ್ಲ ‘ಇದು ಹೊಡೀರಿ, ಅದು ಹೊಡೀರಿ’ ಎಂದು ಹೇಳುವುದು, ರೈತರು ತೆಪ್ಪಗೆ ಕೊಂಡುಹೋಗಿ ಹೊಡೆಯುವುದು. ಒಬ್ಬನೂ ಯಾಕೆ ಎಂದು ಕೇಳಿದ್ದಿಲ್ಲ. ಹಾಗೆ ಕೇಳದವರ ನಡುವೆ ಬದುಕಿ ಬದುಕಿ, ಯುಗಾದಿಯ ಮಾರನೇ ದಿನ ಯಾಕೆ ಎಂದು ತಾನೇ ಎದ್ದು ಕೇಳಿದಾಗ ಅವನ ಮೈಯಲ್ಲಿ ಹರಿದ ಝುಂ ಎನ್ನುವ ಸುಖ ಇನ್ನೂ ಪೂರ್ತಿ ಇಳಿದಿರಲಿಲ್ಲ.

ಅಸಲಿಗೆ ಆ ಚರ್ಚೆ ಹುಟ್ಟಿದ್ದು ಆಡದೆ ಉಳಿದ ನಾಟಕದಿಂದ. ರಾಮನವಮಿಗೆ ಪೌರಾಣಿಕ ನಾಟಕವೆಂದು ಸಂಕ್ರಾಂತಿಯಿಂದ ಅಭ್ಯಾಸ ನಡೆದಿತ್ತು. ಸಂಧಾನಕ್ಕೆ ಬರುವ ದೇವರ ಪಾರ್ಟು ರಂಗರಾಜುವಿನದು. ಗದೆ ಹೊತ್ತು ತೊಡೆ ತಟ್ಟಿ ಸಂಧಾನ ಮುರಿಯುವ ಅರಸನ ಪಾರ್ಟು ಪಂಚಾಯಿತಿ ಮೆಂಬರ್ ಮುದ್ದಣ್ಣನದು. ಬಾಲ್ಯದ ಗೆಳೆಯರಾದ ಇಬ್ಬರೂ ಪಕ್ಷದಲ್ಲಿ ಎದುರಾಳಿಗಳು. ಮುದ್ದಣ್ಣನ ಪಕ್ಷ ದಿಲ್ಲಿಯಲ್ಲಿ ಆಳುತ್ತಿತ್ತು, ಆದ್ದರಿಂದ ಅವನು ಬೀದಿಯ ಬೋರ್‌ವೆಲ್ ಕೆಟ್ಟರೂ ದಿಲ್ಲಿಯ ಗಾಂಭೀರ್ಯದಲ್ಲೇ ಮಾತಾಡುತ್ತಿದ್ದ. ಕಾಯಿಲೆ ಮತ್ತೆ ಏಳುತ್ತಿದೆಯೆಂದು ನಾಟಕಕ್ಕೆ ಅನುಮತಿ ಸಿಗಲಿಲ್ಲ. ಕಂಠಪಾಠ ಮಾಡಿದ ಪದ್ಯಗಳು ಒಬ್ಬೊಬ್ಬನ ಹೊಟ್ಟೆಯಲ್ಲೂ ಅರಗದೆ ಕೂತಿದ್ದವು. ಅಂಥ ಹೊತ್ತಿನಲ್ಲಿ ಯುಗಾದಿಯ ಮಾರನೇ ದಿನದ ಹೊಸತೊಡಕಿನಂದು, ಪ್ರತಿ ಮನೆಯ ಹಿತ್ತಿಲಲ್ಲೂ ಮಾರಮ್ಮನ ಹೆಸರು ಹೇಳಿ ಮರಿ ಕಡಿದು ಸಾರಿನ ವಾಸನೆ ಬೀದಿಗೆ ಬಂದಿದ್ದಾಗ, ಮುದ್ದಣ್ಣ ಕಟ್ಟೆ ಹತ್ತಿ, ಎಲ್ಲರೂ ಸೂಜಿ ಹಾಕಿಸಿಕೊಳ್ಳಬೇಕು, ಕೇಳುವುದು ಹೇಳುವುದು ಏನಿಲ್ಲ, ಎಂದ. ಹಾರ್ಮೋನಿಯಂ ಮೇಷ್ಟ್ರು ಚನ್ನಮಲ್ಲಯ್ಯ ಅಲ್ಲೇ ಪೆಟ್ಟಿಗೆಯ ಧೂಳು ಒರೆಸುತ್ತಿದ್ದರು. ಎದುರಿಗೆ ರಂಗರಾಜು ಎದ್ದು ನಿಂತದ್ದೇ, ಅವರ ಬೆರಳು ತಾನಾಗಿ ಶ್ರುತಿ ಹಿಡಿಯಿತು. ಆ ಮೇಲೆ ನಡೆದದ್ದಕ್ಕೆಲ್ಲ ಅರ್ಧ ಹೊಣೆ ಆ ಶ್ರುತಿಯದು ಎಂದು ರಂಗರಾಜು ಅನೇಕ ಸಲ ಸಮಾಧಾನ ಮಾಡಿಕೊಂಡಿದ್ದಾನೆ.

“ಬೆಳಿಗ್ಗೆ ಎಲ್ರೂ ಮರಿ ಕಡಿದ್ರಿ,” ಎಂದು ಶುರುಮಾಡಿದ್ದ. “ಕಡಿಯೋಕ್ ಮುಂಚೆ ಏನ್ ಮಾಡಿದ್ರಿ? ತಲೆ ಮ್ಯಾಲೆ ತೀರ್ಥ ಹಾಕಿ ಕಾಯ್ಕಂಡ್ ನಿಂತ್ರಿ. ಅದು ಮೈ ಒದರೋ ಗಂಟ ಮಚ್ಚು ಎತ್ತಿದ್ರಾ? ಇಲ್ಲ. ಮೈ ಒದರಿದ್ರೆ ಒಪ್ಪಿಗೆ, ಆಮ್ಯಾಲೆ ಏಟು. ಕುರಿನೂ ಒಂದ್ ಮಾತು ಕೇಳೋ ಊರು ಇದು! ನನ್ನ ತೋಳಿಗೆ ಚುಚ್ಚೋ ಮುಂಚೆ ನನ್ನ ಒಂದ್ ಮಾತು ಕೇಳ್ಬಾರ್ದಾ ಮುದ್ದಣ್ಣ? ನಾನೇನು ಕುರಿಗಿಂತ ಕಡೆಯಾ?” ಮುದ್ದಣ್ಣ ಉತ್ತರ ಕೊಡಬಹುದಿತ್ತು. ಒದರದ ಕುರಿಯನ್ನು ಯಾರೂ ಬಿಟ್ಟು ಕಳಿಸಿದ್ದು ಈ ಊರಲ್ಲಿ ಇಲ್ಲ, ಕಿವಿಯೊಳಕ್ಕೆ ಇನ್ನಷ್ಟು ನೀರು ಬಿಡುತ್ತಾರೆ, ಅದು ಒದರಿಯೇ ಒದರುತ್ತದೆ ಎನ್ನಬಹುದಿತ್ತು. ಆ ಉತ್ತರ ಮನೆಗೆ ಹೋಗುವ ದಾರಿಯಲ್ಲಿ ಹೊಳೆದದ್ದು ಸ್ವತಃ ರಂಗರಾಜುವಿಗೆ. ಮುದ್ದಣ್ಣನಾದರೋ ತೊಡೆ ತಟ್ಟಿ, “ಪ್ರಶ್ನೆ ಕೇಳೋರೆಲ್ಲ ದೇಶದ್ರೋಹಿಗಳು!” ಎಂದು ಕೂಗಿ, ಕೂಗಿದ್ದರಿಂದಲೇ ಸೋತ. ಗಂಗಯ್ಯ ಎದ್ದು ಟವೆಲು ತಿರುಗಿಸಿ “ಒನ್ಸ್ ಮೋರ್!” ಎಂದ. ಈ ಸೀಮೆಯ ನಾಟಕಗಳಲ್ಲಿ ಒನ್ಸ್ ಮೋರ್ ಎಂದರೆ ಎದೆಗೆ ಬಾಣ ನಟ್ಟು ಸತ್ತವನೂ ಎದ್ದು ಧೂಳು ಕೊಡವಿಕೊಂಡು ಪದ್ಯವನ್ನು ಇನ್ನೊಮ್ಮೆ ಹಾಡಿ ಸಾಯಬೇಕು. ರಂಗರಾಜು ಕುರಿಯನ್ನು ಇನ್ನೊಮ್ಮೆ ಕಡಿದ. ಪ್ರಶ್ನೆ ಕೇಳುವುದು ತಪ್ಪೇನಲ್ಲ, ಈಗಲೂ ಅವನು ಹಾಗೇ ಅನ್ನುತ್ತಾನೆ. ಆದರೆ ಕೇಳಿದವನು ಉತ್ತರಕ್ಕೆ ಕಾದಿರಲಿಲ್ಲ, ಚಪ್ಪಾಳೆಗೆ ಕಾದಿದ್ದ. ಅದೂ ಅವನಿಗೆ ಗೊತ್ತಿತ್ತು. ಗಂಗಯ್ಯ ಸತ್ತ ಮೇಲೆ ಕನಸಿನಲ್ಲಿ ಆ ಟವೆಲು ಮಾತ್ರ ತಿರುಗುತ್ತಿತ್ತು, ಹಿಡಿದ ಕೈ ಇಲ್ಲದೆ.

ಅಕ್ಕನ ಮನೆ ಶಾಲೆಯ ಗೋಡೆಗೇ ಅಂಟಿಕೊಂಡದ್ದು. ರಂಗಕ್ಕ ಕಟ್ಟೆಗೆ ಬರುವವಳಲ್ಲ, ನಾಟಕಕ್ಕಂತೂ ಇಲ್ಲವೇ ಇಲ್ಲ. ಹಿಂದೆ, ಅವನು ಹಾವು ಕಚ್ಚಿ ಸಾಯುವ ಹುಡುಗನ ಪಾರ್ಟು ಹಾಕಿದ್ದಾಗ, ಆಗಿನ್ನೂ ಮದುವೆಯಾಗದ ಇವಳು ಜನವನ್ನು ಸೀಳಿಕೊಂಡು ರಂಗಸ್ಥಳಕ್ಕೆ ನುಗ್ಗಿ, ಸತ್ತು ಮಲಗಿದ್ದ ತಮ್ಮನನ್ನು ಹೆಗಲಿಗೆ ಹಾಕಿಕೊಂಡು ಅಳುತ್ತ ಓಡಿದ್ದಳು. ಬಣ್ಣದ ಮುಖ, ಕೆಳಗೆ ಜೋಲಾಡುವ ಕಾಲು, ಹಿಂದಿನಿಂದ ಊರಿನ ನಗು. ಶಾಲೆ ಮುಗಿಯುವ ತನಕ ಹುಡುಗರು ಅವನನ್ನು ಹೆಣ ಎಂದೇ ಕರೆದರು. ಆಮೇಲೆ ಅವಳು ನಾಟಕ ನೋಡುವುದನ್ನು ಬಿಟ್ಟಳು. ಹೊಸತೊಡಕಿನ ಸಂಜೆ ಸಾರು ಕೊಡಲು ಬಂದವಳು, “ಗೋಡೆಯಾಚೆಯಿಂದ ಎಲ್ಲಾ ಕೇಳ್ದೆ ಕಣ್ಲಾ ರಾಜ. ನೀನಂದಿದ್ದು ಸರಿ. ನಂಗೂ ಬ್ಯಾಡ ಬುಡು ಆ ಸೂಜಿ,” ಎಂದಿದ್ದಳು. ಅವನು ಒಂದು ಗಳಿಗೆ ಹಿಗ್ಗಿದ್ದ, ಅಯ್ಯೋ! ಆ ಹಿಗ್ಗನ್ನು ನೆನೆದರೆ ಈಗ ಮುಖ ಬಿಸಿಯಾಗುತ್ತದೆ. ಆಮೇಲಿಂದ ಎಷ್ಟೋ ಸಲ ಅವಳ ಹೊಸ್ತಿಲ ತನಕ ಹೋಗಿ, ಬಿತ್ತನೆಯ ಮಾತೋ ಮೇಕೆಯ ಮಾತೋ ಆಡಿ ಹಿಂತಿರುಗಿದ್ದ. ಒಬ್ಬಳಿಗೆ ಹೋಗಿ ಹೇಳುವುದಕ್ಕೆ ಅವನ ಬಳಿ ಮಾತೇ ಇರಲಿಲ್ಲ. ಊರಿಗೆಲ್ಲ ಜೋರಾಗಿ ಹೇಳಿದರೆ ಗೋಡೆಯಾಚೆ ಅವಳಿಗೂ ಕೇಳುತ್ತದೆ ಎಂಬುದೇ ಇವತ್ತಿನ ಅವನ ಗುಟ್ಟಾದ ಲೆಕ್ಕ. ಪಕ್ಷ, ಮುಖಂಡರು, ಊರು, ಎಲ್ಲವೂ ಅವಳೊಬ್ಬಳ ಕಿವಿಗೆ ತಲುಪುವ ದಾರಿ.

ಶಾಲೆಯ ಜಗುಲಿಯಲ್ಲಿ ಅನಸೂಯ ನೀಲಿ ಪೆಟ್ಟಿಗೆಯನ್ನು ಮಗುವಿನಂತೆ ಪಕ್ಕದಲ್ಲಿ ಕೂರಿಸಿಕೊಂಡಿದ್ದಳು. ಕಟ್ಟೆಯ ಸುತ್ತ ಗಂಡಸರು, ಹೆಂಗಸರು, ಗಲ್ಲಕ್ಕೆ ಇಳಿದ ಮಾಸ್ಕುಗಳು. ಜಗುಲಿ ಹತ್ತಲು ಒಬ್ಬರೂ ಇಲ್ಲ. ರಂಗರಾಜು ಅಂಗಿಯ ತೋಳು ಮಡಚಿ, “ಮದ್ಲು ನಂದು!” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಇದು ಅವನು ಯೋಚಿಸಿಟ್ಟ ಆರಂಭ. “ಆಗಲ್ಲ ಸಾರ್,” ಎಂದಳು ಅನಸೂಯ. “ಒಂದು ಬಾಟ್ಲು ಹತ್ತು ಜನಕ್ಕೆ. ಹತ್ತು ಜನ ಕೂಡ್ದೆ ಮುಚ್ಚಳ ತೆಗ್ಯಂಗಿಲ್ಲ, ವೇಸ್ಟ್ ಆಯ್ತು ಅಂತ ನನ್ನ ಕೇಳ್ತಾರೆ. ಜನ ತನ್ನಿ, ಆಮೇಲೆ ನಿಮ್ಮ ತೋಳು.” ಯಾರೋ ಕಿಸಕ್ಕೆಂದರು. ಮಡಚಿದ ತೋಳನ್ನು ಈಗ ಬಿಚ್ಚುವುದೂ ಕಷ್ಟ. ಹಾಗೆಯೇ ಒಂದು ತೋಳು ಬೆತ್ತಲಾಗಿ ಕಟ್ಟೆ ಹತ್ತಿದ. ಚನ್ನಮಲ್ಲಯ್ಯ ಶ್ರುತಿ ಹಿಡಿದರು. ರಂಗರಾಜು ಅಂಕಿಅಂಶ ಹೇಳಿದ, ಸಿರಾದಲ್ಲಿ ಕ್ಯೂ ನಿಂತವರ ಬಗ್ಗೆ ಹೇಳಿದ, ಕೊರಟಗೆರೆಯಲ್ಲಿ ಸಿಗದೆ ವಾಪಸಾದವರ ಬಗ್ಗೆ ಹೇಳಿದ, ಉಬ್ಬಸ ಇದ್ದವರು ಮೊದಲು ಹಾಕಿಸಿಕೊಳ್ಳಬೇಕೆಂಬುದನ್ನು ಗೋಡೆಯ ಕಡೆ ಮುಖ ಮಾಡಿ ಎರಡೆರಡು ಸಲ ಹೇಳಿದ. ಎಲ್ಲ ನಿಜ, ಎಲ್ಲ ಸಪ್ಪೆ. ಗಾಳಿಗೆ ಅರಳಿ ಎಲೆಗಳಾದರೂ ಅಲ್ಲಾಡಿದವು, ಜನ ಅಲ್ಲಾಡಲಿಲ್ಲ. ಮುದ್ದಣ್ಣ ಕಟ್ಟೆಯ ಬುಡದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಸೂಜಿ ಸಾಲದಾದ ಮೇಲೆ ಅವನೂ ಆ ಮಾತು ಎತ್ತುವುದನ್ನು ಬಿಟ್ಟಿದ್ದ. ಇವತ್ತು ಬಂದದ್ದು ಬರೀ ತಮಾಷೆಗೆ.

“ರಾಜಣ್ಣ, ಇದು ರಂಗೇರಾಕಿಲ್ಲ,” ಎಂದಿತು ಹಿಂದಿನಿಂದ ಒಂದು ದನಿ. “ಆ ಹಳೇದು ಹೇಳಣ್ಣ. ಕುರೀದು.”

“ಹೂಂ ಕಣಣ್ಣ, ಕುರೀದು! ಒನ್ಸ್ ಮೋರ್!”

“ಲೇ, ಅದು ಸೂಜಿ ಬ್ಯಾಡ ಅನ್ನೋದು ಕಣ್ರಲಾ!” ಎಂದ ರಂಗರಾಜು.

“ಏನೋ ಒಂದು. ನಾಟ್ಕನೂ ಇಲ್ಲ, ಜಾತ್ರೆನೂ ಇಲ್ಲ, ಈ ವರ್ಸವೇ ಒಣಗೋಯ್ತು. ಅದನ್ನ ಹೇಳ್ಬುಡು, ಎಲ್ರೂ ಹಾಕಿಸ್ಕಂತೀವಿ.”

“ಆಣೆಯಾ?” ಎಂದವಳು ಅನಸೂಯ. ಪೆಟ್ಟಿಗೆ ಬಿಟ್ಟು ಜಗುಲಿಯ ಅಂಚಿಗೆ ಬಂದಿದ್ದಳು. “ಮಾರಮ್ಮನ ಆಣೆ,” ಎಂದರು ಜನ. “ಹೇಳೇಬಿಡ್ರಿ ಸಾರ್, ಏಮೈನಾ ಕಾನಿ, ಏನಾದ್ರೂ ಆಗ್ಲಿ!” ಎಂದಳು ಅವಳು.

ಆ ಕ್ಷಣ ಅವನು ಗೋಡೆಯ ಕಡೆ ನೋಡಲಿಲ್ಲ. ನೋಡಬಾರದೆಂದೇ ನೋಡಲಿಲ್ಲವೋ, ಮರೆತನೋ, ಆಮೇಲೆ ಎಷ್ಟು ಕೆದಕಿದರೂ ತಿಳಿಯಲಿಲ್ಲ. ಚನ್ನಮಲ್ಲಯ್ಯ ಶ್ರುತಿಯನ್ನು ಒಂದು ಮನೆ ಏರಿಸಿದರು. “ಬೆಳಿಗ್ಗೆ ಎಲ್ರೂ ಮರಿ ಕಡಿದ್ರಿ,” ಎಂದ ಅವನು, ಬೆಳಿಗ್ಗೆ ಯಾರೂ ಏನೂ ಕಡಿದಿರಲಿಲ್ಲ, ಆದರೂ ಎಲ್ಲರೂ “ಹೂಂ!” ಎಂದರು. ಸಪ್ಪೆ ಹರಿದುಹೋಯಿತು. ಮಾತು ಅವನನ್ನು ಎತ್ತಿಕೊಂಡಿತು, ಹಿಂದೊಮ್ಮೆ ಅಕ್ಕ ಎತ್ತಿಕೊಂಡ ಹಾಗೆ, ಕಾಲು ನೆಲಕ್ಕೆ ತಾಗದ ಹಾಗೆ. ತೀರ್ಥ ಹಾಕಿದ, ಕಾದ, ಕುರಿಯಾಗಿ ಕಣ್ಣು ಪಿಳುಕಿಸಿದ, ಮಚ್ಚು ಹಿಡಿದವನಾಗಿ ಕಾಲು ಬದಲಿಸಿದ. ಮೊದಲ ಸಲ ಇಲ್ಲದ ಒಂದು ಮೌನವನ್ನು ನಡುವೆ ಇಟ್ಟ. ಇಡೀ ಊರು ಆ ಇಲ್ಲದ ಕುರಿ ಮೈ ಒದರುವ ತನಕ ಉಸಿರು ಹಿಡಿದು ಕೂತಿತು. “ನಾನೇನು ಕುರಿಗಿಂತ ಕಡೆಯಾ?” ಎಂದಾಗ ಹೆಂಗಸರೂ ಶಿಳ್ಳೆ ಹಾಕಿದರು. ಮುದ್ದಣ್ಣ ಎದ್ದು ತೊಡೆ ತಟ್ಟಿ “ದೇಶದ್ರೋಹಿಗಳು!” ಎಂದು ತನ್ನ ಸೋಲಿನ ಮಾತನ್ನು ತಾನೇ ಸಮಯಕ್ಕೆ ಸರಿಯಾಗಿ ಕೂಗಿಕೊಟ್ಟ, ಅದಕ್ಕೂ ಚಪ್ಪಾಳೆ ಬಿತ್ತು. ಇಷ್ಟು ಚೆನ್ನಾಗಿ ರಂಗರಾಜು ಯಾವತ್ತೂ ಮಾತಾಡಿರಲಿಲ್ಲ. ಕಿವಿಯಲ್ಲಿ ರಕ್ತ ಗುಂಯ್‌ಗುಟ್ಟುತ್ತಿತ್ತು. ಜನ ನಗುತ್ತ, ಒಬ್ಬರನ್ನೊಬ್ಬರು ತಳ್ಳುತ್ತ, ತೋಳು ಮಡಚಿಕೊಂಡು ಜಗುಲಿಗೆ ಹತ್ತಿದರು. ಸೂಜಿ ಬೇಡವೆನ್ನುವ ಮಾತು ಮುಗಿದ ಗಳಿಗೆಯಲ್ಲೇ ಸೂಜಿಗೆ ಸಾಲು ನಿಂತಿತು.

ಕಟ್ಟೆ ಇಳಿದು ಬೆವರು ಒರೆಸಿಕೊಳ್ಳುತ್ತ ನಿಂತಾಗ ಅವನಿಗೆ ಅದು ಅರ್ಥವಾಗಲು ಶುರುವಾಯಿತು. “ಅವತ್ತು ನನ್ ಮಾತು ಕೇಳಿ ತಾನೇ ನೀವು ಬ್ಯಾಡ ಅಂದದ್ದು?” ಎಂದು ಸಾಲಿನಲ್ಲಿದ್ದವರನ್ನು ಕೇಳಿದ.

“ನಿನ್ ಮಾತಾ?” ಎಂದ ಮುದ್ದಣ್ಣ. “ಸೂಜಿ ಹಾಕಿಸ್ಕಂಡ್ರೆ ಎಣ್ಣೆ ಬುಡ್ಬೇಕು ಅಂತ ಯಾರೋ ಅಂದಿದ್ರು ಕಣ್ಲಾ. ಹೊಸತೊಡಕಿನ ದಿನ ಯಾವನ್ ಬುಡ್ತಾನೆ? ಆಮ್ಯಾಕೆ ಮದ್ವೆ ಸೀಜನ್ನು. ನಾಳಿಂದ ಬಿತ್ನೆ, ಅದಕ್ಕೇ ಇವತ್ತು ಜ್ವರ ಬಂದು ಹೋಗ್ಲಿ ಅಂತ ಬಂದವ್ರೆ. ನಿನ್ ಮಾತು ಚೆನ್ನಾಗಿತ್ತು, ಅದ್ ಬೇರೆ ವಿಚಾರ.”

“ಮತ್ತೆ ಗಂಗಯ್ಯ?”

“ಗಂಗಯ್ಯನಾ? ಅವನು ಸೂಜಿ ಕಂಡ್ರೆ ಮೈಲಿ ದೂರ. ನಾಯಿ ಕಚ್ಚಿದಾಗ ಅವನ್ನ ಕಂಬಕ್ಕೆ ಕಟ್ಟಿ ಹಾಕಿಸಿರ್ಲಿಲ್ವಾ? ನಿಂಗೆ ಮರ್ತೋಯ್ತಾ?”

ಮರೆತಿರಲಿಲ್ಲ, ನೆನೆದರೆ ತಾನು ಹೊತ್ತ ಭಾರ ಕಡಿಮೆಯಾದೀತೆಂದು ಬೇಕೆಂದೇ ನೆನೆದಿರಲಿಲ್ಲ. ಇಷ್ಟು ದಿನ ನಿದ್ದೆಗೆಟ್ಟು ಸಾಕಿದ ಅಪರಾಧ ತನ್ನದೇ ಅಲ್ಲವಂತೆ! ಹಗುರಾಗಬೇಕಿತ್ತು. ಬದಲು, ಬಣ್ಣ ಹಚ್ಚಿಕೊಂಡು ರಂಗಸ್ಥಳಕ್ಕೆ ಬಂದು ನೋಡಿದರೆ ಇವತ್ತು ನಿನ್ನ ಪಾರ್ಟೇ ಇಲ್ಲ ಎಂದಂತಾಯಿತು. ಹಾಗಾದರೆ ಇಡೀ ಊರಿನಲ್ಲಿ ತನ್ನ ಮಾತನ್ನು ಮಾತೆಂದು ನಂಬಿದವರು ಯಾರೂ ಇಲ್ಲವೇ ಎಂದುಕೊಳ್ಳುತ್ತಿರುವಾಗಲೇ ಅವನ ಕಣ್ಣು ಕಡೆಗೂ ಗೋಡೆಯ ಕಡೆ ಹೋಯಿತು. ರಂಗಕ್ಕ ಬಾಗಿಲಲ್ಲಿ ನಿಂತಿದ್ದಳು. ಕಾಲಿಗೆ ಚಪ್ಪಲಿ ಮೆಟ್ಟಿದ್ದಳು, ಹೊರಡಲೆಂದು. ಅವನನ್ನು ನೋಡಿದಳು, ಜಗುಲಿಯ ಸಾಲನ್ನು ನೋಡಿದಳು, ಚಪ್ಪಲಿ ಬಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅನಸೂಯ ಕೂಗುತ್ತಿದ್ದಳು: “ಸಾರ್, ನಿಮ್ಮ ತೋಳು! ನಿಮ್ಮದಾದ್ಮೇಲೆ ಕಡೇ ಬಾಟ್ಲಲ್ಲಿ ಇನ್ನೊಂದೇ ಉಳಿಯೋದು!” ಅವನು ಚುಚ್ಚಿಸಿಕೊಂಡದ್ದು ಅವನಿಗೇ ಗೊತ್ತಾಗಲಿಲ್ಲ. “ಆ ಇನ್ನೊಂದು ಯಾರಿಗೂ ಕೊಡ್ಬ್ಯಾಡಮ್ಮ,” ಎಂದು ಓಡಿ ಅಕ್ಕನ ಬಾಗಿಲು ತಳ್ಳಿದ.

ಒಳಗೆ ಕತ್ತಲಿಗೆ ಕಣ್ಣು ಹೊಂದಿಕೊಳ್ಳುವ ಮೊದಲು ಚಟ್ ಚಟ್ ಎಂಬ ಸದ್ದು ಕೇಳಿಸಿತು. ರಂಗಕ್ಕ ಕಂಬಕ್ಕೆ ಒರಗಿ ಬಿತ್ತನೆಗೆ ಕಡ್ಲೇಕಾಯಿ ಬಿಡಿಸುತ್ತಿದ್ದಳು. ಸದ್ದಿನ ನಡುನಡುವೆ ಅವಳ ಎದೆಯ ಸೀಟಿ.

“ಯಾಕಕ್ಕ ವಾಪಸ್ ಬಂದೆ?”

“ನೀನು ಬ್ಯಾಡ ಅಂದ್ಯಲ್ಲ.”

“ಅವರು ಕೇಳಿದ್ರು, ಹೇಳ್ದೆ ಕಣಕ್ಕ. ಅದು ಒನ್ಸ್ ಮೋರು.”

“ಮದ್ಲು ನೀನು ಬೇಕು ಅಂದೆ, ನಾನು ಕೇಳ್ದೆ. ರೇಡಿಯೋದೋರು ಓದ್ದಂಗಿತ್ತು. ಆದ್ರೂ ಹೇಳ್ತಾವ್ನಲ್ಲ ಅಂತ ಚಪ್ಲಿ ಮೆಟ್ದೆ. ಆಮ್ಯಾಕೆ ಬ್ಯಾಡ ಅಂದೆ. ಅದು ನೀನೇ ಅಂದಂಗಿತ್ತು.” ಚಟ್. “ನಂಗೆ ನಿಮ್ಮಂಗೆ ನೋಡಕ್ ಬರಲ್ಲ ಕಣ್ಲಾ. ನೀನು ಸತ್ತಂಗೆ ಬಿದ್ಕಂಡ್ರೆ ನಂಗೆ ಸತ್ತಂಗೇ ಕಾಣ್ತದೆ.”

ರಂಗರಾಜು ಹೊಸ್ತಿಲ ಒಳಗೆ ನಿಂತೇ ಶುರುಮಾಡಿದ. ಚರ್ಚೆ ಎಂದರೇನು, ಎರಡೂ ಕಡೆಯ ಮಾತು ಜನಕ್ಕೆ ತಿಳಿಯುವುದು ಯಾಕೆ ಮುಖ್ಯ... ತನ್ನ ಕೈ ಮೇಲೇಳುತ್ತಿರುವುದು ಅವನಿಗೇ ಕಾಣಿಸಿತು. ಇಳಿಸಿದ. “ಅವತ್ತು ಗೆಲ್ಲಾಕೆ ಅಂಗಂದೆ,” ಎಂದ.

“ಯಾರ್ನ?”

“ಮುದ್ದಣ್ಣನ್ನ.”

“ಇವತ್ತು ಯಾರ್ನ ಗೆಲ್ಲಾಕ್ ಬಂದೆ?”

ಅವನು ಬಾಯಿ ತೆರೆದ. ಪದ್ಯ ಮರೆತರೆ ಚನ್ನಮಲ್ಲಯ್ಯ ಪೆಟ್ಟಿಗೆಯ ಹಿಂದಿನಿಂದ ಮೊದಲ ಅಕ್ಷರ ಎತ್ತಿಕೊಡುತ್ತಿದ್ದರು. ಇಲ್ಲಿ ಯಾರೂ ಎತ್ತಿಕೊಡಲಿಲ್ಲ. ಹೊರಗೆ ಜನ ನಗುತ್ತಿದ್ದರು. ಒಳಗೆ ಅವಳ ಸೀಟಿ ಏರಿ ಇಳಿಯುತ್ತಿತ್ತು. “ನಿನ್ ಉಬ್ಬಸ ನಮ್ಮನೇಗೂ ಕೇಳ್ತದೆ ಕಣಕ್ಕ,” ಎಂದ. ಬಂದದ್ದು ಅದು. ಅದು ವಾದವೂ ಅಲ್ಲ.

“ಹೆಂಗ್ಲಾ ಕೇಳ್ತದೆ? ನಡುವೆ ಒಂದು ಬೀದಿ ಐತೆ.”

“ಗೊತ್ತಿಲ್ಲ.”

ರಂಗಕ್ಕ ಬಿಡಿಸುವುದನ್ನು ನಿಲ್ಲಿಸಿದಳು. ಯಾವ ಚರ್ಚೆಯಲ್ಲೂ ಆ ಮಾತನ್ನು ಆಡಿರದ ತಮ್ಮನ ಮುಖವನ್ನು, ಬಣ್ಣ ಇದೆಯೋ ಇಲ್ಲವೋ ಎಂದು ಪರೀಕ್ಷಿಸುವಂತೆ ನೋಡಿದಳು. “ಊರ್ನೆಲ್ಲಾ ಕೇಳ್ದೆ ನೀನು,” ಎಂದಳು. “ಕುರಿನೂ ಕೇಳ್ದೆ. ನನ್ನ ಕೇಳಾಕೆ ಇವತ್ತು ಬಂದೆ ನೋಡು.” ಮಡಿಲಿನ ಸಿಪ್ಪೆ ಕೊಡವಿ ಎದ್ದಳು. “ನಡಿ. ಆ ಹುಡ್ಗಿ ಕಾಯ್ತಾ ಇರ್ತಾಳೆ.”

ಅವಳು ಕಟ್ಟೆಯ ಪಕ್ಕ ಹಾದು ಬರುವಾಗ ಜನ ತಾವಾಗಿ ದಾರಿ ಬಿಟ್ಟರು. ಒನ್ಸ್ ಮೋರ್ ಎನ್ನಲು ಬಾಯಿ ತೆರೆದ ಯಾರದೋ ತಲೆಗೆ ಮುದ್ದಣ್ಣ ಮೊಟಕಿದ. ರಂಗಕ್ಕ ಬೆಂಚಿನ ಮೇಲೆ ಕೂತು ಸೆರಗು ಸರಿಸಿ ತೋಳು ಚಾಚಿದಳು. ಅನಸೂಯ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದ್ದೇ, ಆ ತಂಪಿಗೆ ಅವಳ ಭುಜ, ಕತ್ತು, ತಲೆಗೂದಲ ತನಕ ಜುಮ್ಮೆಂದು ಅದುರಿತು.

“ಒದರ್ದೆ ಕಣಮ್ಮ,” ಎಂದಳು ರಂಗಕ್ಕ, ತಮ್ಮನ ಕಡೆ ತಿರುಗದೆಯೇ. “ಒಪ್ಪಿಗೆ ಆಯ್ತು, ಇನ್ನು ಚುಚ್ಚು.”

ಊರು ಬಿದ್ದು ಬಿದ್ದು ನಕ್ಕಿತು. ಆ ನಗುವಿನ ನಡುವೆ ಸೂಜಿ ಒಳಗೆ ಹೋಯಿತು. ಅವಳು ಅಲುಗಲಿಲ್ಲ. ಅಂಗಾಲಿನಿಂದ ನೆತ್ತಿಯ ತನಕ ಮೈ ಒದರಿದ್ದು ಪಕ್ಕದಲ್ಲಿ ನಿಂತಿದ್ದ ರಂಗರಾಜುವಿನದು.